ದೂರು ವಿಭಾಗದ ಮೂರು ಕೆಂಪು ಬಿಲ್ಲೆಗಳು

ನಾನು ದುಃಖದಲ್ಲಿದ್ದೇನೆ ಎಂಬ ಸುದ್ದಿ ನನಗೆ ಮುಟ್ಟಿದ್ದು ಎಲ್ಲರಿಗಿಂತ ಕೊನೆಗೆ. ಮೊದಲು ಮ್ಯಾನೇಜರಿಗೆ ಗೊತ್ತಾಯಿತು, ಆಮೇಲೆ ಗೇಟಿನ ಕಾವಲುಗಾರನಿಗೆ, ಆಮೇಲೆ ನನ್ನ ಹೆಂಡತಿಗೆ, ಅವಳಿಂದ ಕೆಳಗಿನ ಮನೆಯ ನಿವೃತ್ತ ಮೇಷ್ಟ್ರಿಗೆ. ಅಷ್ಟು ದಿನವೂ ನಾನು ಹೊಟ್ಟೆ ತುಂಬ ಉಂಡು, ಗೊರಕೆ ಹೊಡೆದು ಮಲಗಿ, ಬೆಳಿಗ್ಗೆ ಸೀಟಿ ಹಾಕುತ್ತಾ ಗಡ್ಡ ಹೆರೆದುಕೊಳ್ಳುತ್ತಿದ್ದೆ. ಪಾಪ, ಎಷ್ಟು ಚೆನ್ನಾಗಿ ನಟಿಸುತ್ತಾರೆ ಅಂತ ಎಲ್ಲರೂ ಕರಗಿ ನೀರಾಗುತ್ತಿದ್ದರಂತೆ.

ನಮ್ಮದು ಲಿಫ್ಟ್ ರಿಪೇರಿ ಕಂಪನಿ. ನಾನು ಅದರ ದೂರು ವಿಭಾಗದ ಮುಖ್ಯಸ್ಥ. ಮುಖ್ಯಸ್ಥ ಎಂದ ಕೂಡಲೇ ದೊಡ್ಡ ಕೋಣೆ, ಗಾಜಿನ ಬಾಗಿಲು ಅಂತೆಲ್ಲ ಊಹಿಸಿಕೊಳ್ಳಬೇಡಿ. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಮೂರು ಮೇಜು, ಮೂರು ಜನ. ನಾನು ಮುಖ್ಯಸ್ಥ ಅನ್ನೋದಕ್ಕೆ ಗುರುತು ಅಂದರೆ ನನ್ನ ಕುರ್ಚಿಗೆ ಮಾತ್ರ ಕೈ ಇತ್ತು. ಅದೂ ಒಂದೇ ಕೈ.

ಎರಡನೇ ಮೇಜು ನಾವೆಲ್ಲ ಮೀಸೆ ಅಂತ ಕರೆಯುವವನದು. ಮೆಕ್ಯಾನಿಕ್‌ಗಳನ್ನು ಎಲ್ಲೆಲ್ಲಿಗೆ ಕಳಿಸಬೇಕು ಅಂತ ತೀರ್ಮಾನಿಸುವವನು ಅವನೇ. ಮೂರನೆಯದು ಫೋನಕ್ಕನದು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ಎಲ್ಲರ ಹಾಗೆ ನಾನೂ ಅಕ್ಕ ಎನ್ನುತ್ತೇನೆ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಒಳಗಿನ ಗುಂಡಿ ಒತ್ತಿದರೆ ಕರೆ ನೇರ ಅವರ ಮೇಜಿಗೇ ಬರುತ್ತದೆ. ಬಾಗಿಲು ತೆರೆಯುವ ತನಕ ಫೋನು ಇಡಬಾರದು, ಒಳಗಿದ್ದವರ ಜೊತೆ ಮಾತಾಡುತ್ತಲೇ ಇರಬೇಕು ಅನ್ನೋದು ಕಂಪನಿಯ ನಿಯಮ. ನಾನು ಆ ಫೋನು ಮುಟ್ಟಿ ಹನ್ನೊಂದು ವರ್ಷವಾಗಿತ್ತು. ಮುಖ್ಯಸ್ಥನಾದವನು ಫೋನೆತ್ತಿದರೆ ಗತ್ತೆಲ್ಲಿ ಉಳಿಯಿತು?

ಈ ದುಃಖದ ಸುದ್ದಿ ಏಳುವುದಕ್ಕೆ ಎರಡು ತಿಂಗಳ ಮುಂಚೆ ಒಬ್ಬ ಅಜ್ಜಿ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಮೆಕ್ಯಾನಿಕ್ ಹೋಗಿ ಬಾಗಿಲು ತೆರೆಯುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಫೋನಕ್ಕ ಮೂರು ಗಂಟೆಯೂ ಮಾತಾಡಿದರು. ಕೊನೆಯ ಇಪ್ಪತ್ತು ನಿಮಿಷ ಆ ಕಡೆಯಿಂದ ಸದ್ದೇ ಇಲ್ಲ. ಇವರು ಮಾತ್ರ "ಅಜ್ಜೀ, ಕೇಳಿಸ್ತಿದೆಯಾ ಅಜ್ಜೀ" ಎನ್ನುತ್ತಲೇ ಇದ್ದರು. ಅಜ್ಜಿಗೆ ಎಚ್ಚರ ತಪ್ಪಿತ್ತು, ಅಷ್ಟೆ. ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಕಂಪನಿ ಫೋನಕ್ಕನಿಗೆ ಒಂದು ಗೋಡೆ ಗಡಿಯಾರ ಕೊಟ್ಟಿತು. ನಾನು ಅರ್ಧ ಗಂಟೆ ಭಾಷಣ ಮಾಡಿದೆ.

ಮಾರನೇ ದಿನ ಅವರು ನನ್ನ ಮೇಜಿನ ಹತ್ತಿರ ಬಂದರು. "ಸಾರ್, ಸ್ವಲ್ಪ ದಿನ ಫೋನು ಬೇರೆ ಯಾರಾದ್ರೂ ನೋಡ್ಕೊಳ್ತಾರಾ?"

"ಈ ತಿಂಗಳು ಕಳೀಲಿ ಅಕ್ಕ," ಅಂದೆ. ಆ ತಿಂಗಳು ಕಳೆಯಿತು, ಇನ್ನೊಂದು ಬಂತು. ಫೋನು ಬಡಿದುಕೊಂಡಾಗಲೆಲ್ಲ ಅವರ ಕೈ ನಡುಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿ ಸುಮ್ಮನೆ ಕೂತೆ ಅಂದುಕೊಳ್ಳಬೇಡಿ. ಚಳಿಯಾಗಿರಬೇಕು ಅಂತ ಎದ್ದು ಹೋಗಿ ಫ್ಯಾನ್ ಕಮ್ಮಿ ಮಾಡಿದ್ದೇನೆ. ಇಂಥ ಮುಖ್ಯಸ್ಥ ನಾನು.

ಆಗ ಬಂತು ಸುತ್ತೋಲೆ. ಹೊಸ ಮ್ಯಾನೇಜರು ಬಂದು ಆರು ತಿಂಗಳಾಗಿತ್ತು. ಒಳ್ಳೆಯ ಹುಡುಗ, ಎಲ್ಲರ ಯೋಗಕ್ಷೇಮದ ಮೇಲೂ ಕಣ್ಣು. 'ಉದ್ಯೋಗಿಗಳ ಮಾನಸಿಕ ಆರೋಗ್ಯ' ಅಂತ ತಲೆಬರಹ, ಎಂಟು ಪುಟ. ಕೊನೆಯಲ್ಲಿ ವಿಭಾಗದ ಮುಖ್ಯಸ್ಥರು ಸಹಿ ಹಾಕಬೇಕು: 'ಓದಿದ್ದೇನೆ, ಅರ್ಥಮಾಡಿಕೊಂಡಿದ್ದೇನೆ, ನನ್ನ ವಿಭಾಗದವರಿಗೆ ವಿವರಿಸಿದ್ದೇನೆ.' ಮೊದಲ ಪುಟದ ಅರ್ಧಕ್ಕೇ ನನಗೆ ಆಕಳಿಕೆ ಬಂತು. ನೇರ ಎಂಟನೇ ಪುಟಕ್ಕೆ ಹಾರಿ, ಕೆಳಗೆ ಎರಡು ಗೆರೆ ಎಳೆದು ದೊಡ್ಡದಾಗಿ ಸಹಿ ಹಾಕಿದೆ. ಮೂರು ಸುಳ್ಳಿಗೆ ಒಂದೇ ಸಹಿ.

ವಿವರಿಸುವುದಾದರೂ ಏನಿತ್ತು? ಕೆಳಗೆ ಬಾಗಿಲ ಹತ್ತಿರ ಒಂದು ಹಲಗೆ ನೇತುಹಾಕಿದ್ದರು. ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಬಿಲ್ಲೆ, ಒಂದು ಮುಖ ಹಸಿರು, ಇನ್ನೊಂದು ಕೆಂಪು. ಬೆಳಿಗ್ಗೆ ಬಂದವರು ಮನಸ್ಸು ಹೇಗಿದೆಯೋ ಹಾಗೆ ತಿರುಗಿಸಬೇಕು. ಇದನ್ನು ಕಂಡು ನನಗೆ ನಗು ಬಂತು. ಯಾಕೆಂದರೆ ನಮ್ಮ ಕೋಣೆಯ ಗೋಡೆಯ ಮೇಲೆ ಇಂಥದ್ದೇ ಹಲಗೆ ಹತ್ತೊಂಬತ್ತು ವರ್ಷದಿಂದ ಇದೆ. ಒಂದೊಂದು ದೂರಿಗೆ ಒಂದೊಂದು ಬಿಲ್ಲೆ. ಹಸಿರು ಅಂದರೆ 'ಹೋಗು': ದೂರು ಬಾಕಿ ಇದೆ, ಮೆಕ್ಯಾನಿಕ್ ಹೋಗಬೇಕು. ಕೆಂಪು ಅಂದರೆ 'ನಿಲ್ಲು': ಕೆಲಸ ಮುಗೀತು, ಯಾರೂ ಹೋಗಬೇಕಾಗಿಲ್ಲ. ಹೊಸ ಮ್ಯಾನೇಜರು ನಮ್ಮ ಪದ್ಧತಿಯನ್ನೇ ಇಡೀ ಕಂಪನಿಗೆ ತಂದಿದ್ದಾರೆ ಅಂತ ಎದೆಯುಬ್ಬಿಸಿಕೊಂಡೆ.

"ಕೇಳಿ ಇಬ್ರೂ," ಅಂದೆ. "ನಮಗೆ ಇದೇನು ಹೊಸದಲ್ಲ. ಮನಸ್ಸು ಸರಿಯಾಗಿದ್ರೆ ಕೆಂಪು. ದೂರಿಲ್ಲ, ಯಾರೂ ಬರಬೇಕಾಗಿಲ್ಲ ಅಂತ ಅರ್ಥ. ಏನಾದ್ರೂ ತೊಂದ್ರೆ ಇದ್ರೆ ಹಸಿರು."

ಫೋನಕ್ಕ ತಲೆಯೆತ್ತಿದರು. "ಸಾರ್, ಸುತ್ತೋಲೇಲಿ ಬೇರೆ ಥರ ಇದೆ..."

"ಅಕ್ಕ, ಸಹಿ ಹಾಕಿದೋನು ನಾನಾ, ನೀವಾ?"

ಮಾರನೇ ದಿನದಿಂದ ನಮ್ಮ ವಿಭಾಗದ ಮೂರು ಬಿಲ್ಲೆಗಳೂ ಕೆಂಪಗೆ ಹೊಳೆಯತೊಡಗಿದವು.

ಉಳಿದ ವಿಭಾಗದವರದೆಲ್ಲ ಹಸಿರು. ಅದನ್ನು ನೋಡಿ ನನಗೆ ಕರುಳು ಚುರುಕ್ ಅಂತು. ಅಯ್ಯೋ, ಇಷ್ಟೊಂದು ಜನಕ್ಕೆ ಮನಸ್ಸು ಕೆಟ್ಟಿದೆಯಲ್ಲ! ಲೆಕ್ಕಪತ್ರದವರಂತೂ ಒಬ್ಬರೂ ತಪ್ಪದೆ ಹಸಿರು. ದಾರಿಯಲ್ಲಿ ಸಿಕ್ಕಾಗ ಅವರ ಭುಜ ತಟ್ಟಿ "ಎಲ್ಲಾ ಸರಿಹೋಗುತ್ತೆ, ಧೈರ್ಯವಾಗಿರಿ" ಅನ್ನುತ್ತಿದ್ದೆ. ಅವರು ಕಣ್ಣು ತುಂಬಿಕೊಂಡು ನನ್ನ ಕೈ ಹಿಡಿದು "ನೀವೂ ಅಷ್ಟೇ ಸಾರ್" ಅನ್ನುತ್ತಿದ್ದರು. ನಾನು ಅವರಿಗೆ ಮರುಗುವುದು, ಅವರು ನನಗೆ ಮರುಗುವುದು, ಹೀಗೇ ಎರಡು ವಾರ ನಡೆಯಿತು.

ಈ ನಡುವೆ ನನಗೆ ಗೌರವ ಒಂದೇ ಸಮನೆ ಏರುತ್ತಿತ್ತು. ಕಾವಲುಗಾರ ಓಡಿಬಂದು ಗೇಟು ತೆಗೆದ. ನನಗೆ ಹೊಸ ಕುರ್ಚಿ ಬಂತು, ಎರಡೂ ಕಡೆ ಕೈ ಇದ್ದದ್ದು. ಮೇಜಿನ ಮೇಲೆ ಕುಂಡದಲ್ಲಿ ಒಂದು ಗಿಡ ಬಂತು. ಮ್ಯಾನೇಜರು ದಿನಕ್ಕೆರಡು ಸಲ ಮೇಲೆ ಬಂದು, ಐಸಿಯು ಮುಂದೆ ನಿಂತವರ ದನಿಯಲ್ಲಿ "ಹೇಗಿದ್ದೀರಿ?" ಎಂದು ಕೇಳಿ ಹೋಗುತ್ತಿದ್ದರು. "ಫಸ್ಟ್ ಕ್ಲಾಸ್ ಸಾರ್!" ಅಂದರೆ ಅವರ ಮುಖ ಇನ್ನಷ್ಟು ಸಪ್ಪಗಾಗುತ್ತಿತ್ತು. ಬಡ್ತಿ ಕೊಡುವ ಮುಂಚೆ ಹೀಗೆ ಪರೀಕ್ಷಿಸುತ್ತಾರೆ ಅಂತ ನಾನು ಲೆಕ್ಕ ಹಾಕಿದೆ.

ಒಂದು ಸಂಜೆ ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಸೋಫಾದ ಮೇಲೆ ಕೆಳಗಿನ ಮನೆಯ ಮೇಷ್ಟ್ರು.

"ರೀ, ಕೂತ್ಕೊಳ್ಳಿ," ಅಂದಳು. "ನಿಮ್ಮ ಮ್ಯಾನೇಜರು ಫೋನ್ ಮಾಡಿದ್ರು. ನೀವು ಎರಡು ವಾರದಿಂದ ಭಾರೀ ದುಃಖದಲ್ಲಿದ್ದೀರಂತೆ."

"ನಾನಾ?"

"ಕೆಂಪು ಬಿಲ್ಲೆ ಹಾಕ್ತಿದ್ದೀರಂತೆ. ಮನೇಲಿ ಏನಾದ್ರೂ ತೊಂದ್ರೆ ಇದೆಯಾಮ್ಮಾ ಅಂತ ನನ್ನನ್ನ ಕೇಳಿದ್ರು!" ಅವಳ ದನಿ ಏರಿತು. "ಅಲ್ಲಾ ರೀ, ನಿಮಗೆ ದುಃಖ ಆಗೋಕೆ ಏನಿದೆ? ನಲ್ಲಿ ಒಡೆದು ಅಡುಗೆಮನೆ ತುಂಬ ನೀರಾದಾಗ ನಿಮಗೆ ಗೊತ್ತಾಯ್ತಾ? ಮಗಳಿಗೆ ವಾರವೆಲ್ಲ ಜ್ವರ ಇದ್ದಾಗ ಗೊತ್ತಾಯ್ತಾ? ಈ ಮನೇಲಿ ದುಃಖ ಪಡೋ ಕೆಲಸ ಪೂರ್ತಿ ನಂದು. ಈಗ ಅದಕ್ಕೂ ಕೈ ಹಾಕೋಕೆ ಬಂದ್ರಾ?" ಅಂದವಳೇ ಸೆರಗಿಗೆ ಮುಖ ಒತ್ತಿಕೊಂಡು ಬಿಕ್ಕಿದಳು. "ಇಷ್ಟು ದಿನ ಒಂದು ಮಾತು ಹೇಳಲಿಲ್ಲವಲ್ಲ ರೀ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನನಗೂ ಒಂದ್ಸಲ ಹೀಗೇ ಆಗಿತ್ತಪ್ಪಾ. ಲೋಕವೆಲ್ಲಾ ಮಂಕಾಗಿ ಕಾಣೋದು. ಕನ್ನಡಕ ಬದಲಾಯಿಸ್ದೆ, ಸರಿಹೋಯ್ತು." ನನ್ನ ಕನ್ನಡಕ ಸರಿಯಾಗಿದೆ ಎಂದು ಸಾಬೀತಾದ ಮೇಲೆ ಅವರು ಎರಡನೇ ಚಿಕಿತ್ಸೆಗೆ ಇಳಿದರು. ಮಾರನೇ ಬೆಳಗಿನಿಂದ ನನ್ನನ್ನು ಕಟ್ಟಡದ ಸುತ್ತ ಹನ್ನೆರಡು ಸುತ್ತು ನಡೆಸಿ, ಒಂದೊಂದು ಸುತ್ತಿಗೂ ನಿಲ್ಲಿಸಿ "ಈಗ ಖುಷಿ ಆಯ್ತಾ?" ಎಂದು ಕೇಳತೊಡಗಿದರು.

ಅವತ್ತು ಕಚೇರಿಗೆ ಹೋದವನೇ ಸುತ್ತೋಲೆಯನ್ನು ಹುಡುಕಿ ತೆಗೆದೆ. ಐದನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು: ಹಸಿರು ಅಂದರೆ ನೆಮ್ಮದಿ, ಕೆಂಪು ಅಂದರೆ ಮನಸ್ಸಿಗೆ ಕಷ್ಟವಾಗಿದೆ, ಯಾರಾದರೂ ಬಂದು ಮಾತಾಡಿಸಿ. ಹೋಗಿ ನಿಜ ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಓದದೆ ಸಹಿ ಹಾಕಿದ್ದು ಬಯಲಾಗುತ್ತದೆ. ಹತ್ತೊಂಬತ್ತು ವರ್ಷದ ಸಹಿಯ ಮರ್ಯಾದೆ! ಒಂದು ಕಡೆ ಮರ್ಯಾದೆ, ಇನ್ನೊಂದು ಕಡೆ ದುಃಖ. ತುಂಬ ಯೋಚಿಸಿ, ದುಃಖಪಡುವುದೇ ಲೇಸು ಅಂತ ತೀರ್ಮಾನಿಸಿದೆ. ಮೀಸೆಯನ್ನು ಪಕ್ಕಕ್ಕೆ ಕರೆದು "ಇನ್ನೊಂದೆರಡು ವಾರ ದುಃಖವಾಗಿರಪ್ಪ" ಅಂದೆ. "ಆಯ್ತು ಸಾರ್" ಎಂದು ಅವನು ಹಾಡು ಗುನುಗುತ್ತಾ ಹೋದ. ಫೋನಕ್ಕನಿಗೆ ಏನೂ ಹೇಳಲಿಲ್ಲ. ಅವರನ್ನು ಎದುರಿಸಲು ಮುಖ ಇರಲಿಲ್ಲ.

ಆಮೇಲೆ ಕೌನ್ಸೆಲರ್ ಮೇಡಂ ಬಂದರು. ಇಡೀ ಕಂಪನಿಗೆ ಸೇರಿ ವಾರಕ್ಕೆ ಎರಡೇ ಗಂಟೆ ಅವರದು. ಮುಖ್ಯಸ್ಥ ಅನ್ನೋ ಕಾರಣಕ್ಕೆ ಮೊದಲ ಸರದಿ ನನ್ನದು, ಎರಡು ಗಂಟೆಯನ್ನೂ ನಾನೇ ನುಂಗಿದೆ.

"ಚಿಕ್ಕಂದಿನಲ್ಲಿ ಮನಸ್ಸಿಗೆ ತುಂಬ ನೋವಾದ ಘಟನೆ ಯಾವುದಾದರೂ ನೆನಪಿದೆಯಾ?" ಎಂದು ಅವರು ಮೃದುವಾಗಿ ಕೇಳಿದರು.

"ನನ್ನ ಸೈಕಲ್ ಕಳೆದುಹೋಯ್ತು ಮೇಡಂ," ಅಂದೆ. ನನಗೆ ಸೈಕಲ್ಲೇ ಇರಲಿಲ್ಲ. ಅವರು ಬರೆದುಕೊಂಡರು. ಮುಂದಿನ ಸಲ ಬಂದಾಗ ಅದರ ಬಣ್ಣ ಕೇಳಿದರು, ಯಾರು ಕೊಡಿಸಿದ್ದು ಎಂದು ಕೇಳಿದರು. ಹೇಳುತ್ತಾ ಹೇಳುತ್ತಾ ನನಗೆ ನಿಜವಾಗಿಯೂ ಅಳು ಬಂತು. ಅಷ್ಟು ಚೆಂದದ ಸೈಕಲ್ ಅದು. ನಾನು ಅಳುತ್ತಿದ್ದಾಗ ಫೋನಕ್ಕ ಬಾಗಿಲ ತನಕ ಬಂದು, ಒಳಗೆ ನಾನಿರುವುದನ್ನು ನೋಡಿ ವಾಪಸು ಹೋದರು. ಹಿಂದಿನ ವಾರವೂ ಹೀಗೇ ಆಗಿತ್ತು, ಇದು ಎರಡನೇ ಸಲ.

ಮ್ಯಾನೇಜರು ಅಷ್ಟಕ್ಕೇ ಬಿಡಲಿಲ್ಲ. ನೆಲಮಹಡಿಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ಮಾದರಿ ಲಿಫ್ಟನ್ನು 'ಮೌನದ ಕೋಣೆ' ಮಾಡಿಸಿದರು. ಒಳಗೆ ಒಂದು ಮೆತ್ತನೆ ಕುರ್ಚಿ, ತಿಳಿನೀಲಿ ದೀಪ. ಮನಸ್ಸು ಭಾರವಾದವರು ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಕೂರಬಹುದು. ಊಟ ಆದ ಮೇಲೆ ನನ್ನ ಮನಸ್ಸು ದಿನಾ ತಪ್ಪದೆ ಭಾರವಾಗುತ್ತಿತ್ತು. ಅಲ್ಲಿ ಬಂದಷ್ಟು ಒಳ್ಳೆಯ ನಿದ್ದೆ ನನಗೆ ಮನೆಯಲ್ಲೂ ಬಂದಿಲ್ಲ.

ಹೀಗೇ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ. ಆದರೆ ಒಂದು ಬೆಳಿಗ್ಗೆ ಮ್ಯಾನೇಜರು ಕರೆದು, "ವಾರ್ಷಿಕ ಸಭೇಲಿ ನೀವು ನಿಮ್ಮ ದುಃಖದ ಬಗ್ಗೆ ಹದಿನೈದು ನಿಮಿಷ ಮಾತಾಡಬೇಕು. ಎಲ್ಲರಿಗೂ ಧೈರ್ಯ ಬರುತ್ತೆ. ನಿಮ್ಮ ಮನೆಯವರನ್ನೂ ಕರೆಸ್ತೀವಿ," ಅಂದರು. ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಸೈಕಲ್ಲಿನ ಕತೆ ಕೇಳುವ ದೃಶ್ಯ ಕಣ್ಣಮುಂದೆ ಬಂತು.

"ಸಾರ್, ಒಂದು ಸಣ್ಣ ಅಭ್ಯಾಸದೋಷ," ಎಂದು ಶುರುಮಾಡಿದೆ. ನಮ್ಮ ಕೋಣೆಯ ಹಲಗೆ, ಹತ್ತೊಂಬತ್ತು ವರ್ಷದ ರೂಢಿ, ಕೈ ತಾನಾಗಿ ಕೆಂಪಿಗೆ ಹೋದದ್ದು, ಎಲ್ಲ ಹೇಳಿದೆ. ಸುತ್ತೋಲೆ ಓದಿಲ್ಲ ಅನ್ನೋದೊಂದನ್ನು ಜಾಣತನದಿಂದ ಬಿಟ್ಟೆ.

"ಹಾಗಾದ್ರೆ ನೀವು ಚೆನ್ನಾಗಿದ್ದೀರಾ?"

"ಮೂವರೂ ಚೆನ್ನಾಗಿದ್ದೀವಿ ಸಾರ್."

ಆತ ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಕೆಳಗೆ ಹೋಗಿ ತಾವೇ ಮೂರು ಬಿಲ್ಲೆಗಳನ್ನೂ ಹಸಿರಿಗೆ ತಿರುಗಿಸಿದರು. ನನ್ನ ತಲೆಯ ಮೇಲಿನ ಭಾರ ಇಳಿದ ಹಾಗಾಯಿತು. ಆ ಖುಷಿಗೆ ಊಟ ಎರಡು ತುತ್ತು ಜಾಸ್ತಿ ಸೇರಿತು. ಕಡೆಯದಾಗಿ ಒಂದು ನಿದ್ದೆ ತೆಗೆಯೋಣವೆಂದು ಮೌನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಎಚ್ಚರವಾದಾಗ ಬಾಗಿಲು ತೆರೆಯಲಿಲ್ಲ. ಗುದ್ದಿದೆ, ಎಳೆದೆ, ಕೂಗಿದೆ. ಮೌನದ ಕೋಣೆಯಲ್ಲವೇ, ಸದ್ದು ಹೊರಗೆ ಹೋಗದ ಹಾಗೆ ಗೋಡೆಗೆಲ್ಲ ಸ್ಪಂಜು ಹೊಡೆಸಿದ್ದರು. ದೀಪ ಎರಡು ಸಲ ಮಿಟುಕಿ ಆರಿತು. ಕತ್ತಲಲ್ಲಿ ತಡಕಾಡಿ ತುರ್ತು ಗುಂಡಿ ಒತ್ತಿದೆ.

"ನಮಸ್ಕಾರ, ದೂರು ವಿಭಾಗ. ಹೆದರಬೇಡಿ, ಬಾಗಿಲು ತೆಗೆಯೋ ತನಕ ನಾನು ಮಾತಾಡ್ತಾ ಇರ್ತೀನಿ. ಯಾವ ಕಟ್ಟಡದಲ್ಲಿದ್ದೀರಿ?"

"ನಮ್ಮದೇ," ಅಂದೆ.

"...ಸಾರ್?"

"ಬಿದ್ದುಹೋಗುತ್ತಾ ಅಕ್ಕ?" ಎಂದು ಕೇಳಿದೆ. ನೆಲಮಹಡಿಯಲ್ಲಿ, ಕೆಳಗೆ ಬೀಳೋಕೆ ಜಾಗವೇ ಇಲ್ಲದ ಲಿಫ್ಟಿನಲ್ಲಿ, ಹತ್ತೊಂಬತ್ತು ವರ್ಷ ಅನುಭವವಿರುವ ದೂರು ವಿಭಾಗದ ಮುಖ್ಯಸ್ಥ ಕೇಳಿದ ಪ್ರಶ್ನೆ ಇದು.

"ಬೀಳಲ್ಲ ಸಾರ್. ಕುರ್ಚಿ ಇದೆಯಲ್ಲ, ಕೂತ್ಕೊಳ್ಳಿ. ಉಸಿರು ನಿಧಾನಕ್ಕೆ ತಗೊಳ್ಳಿ. ಮೀಸೆ ಕೆಳಗೆ ಬರ್ತಿದ್ದಾರೆ. ಅಲ್ಲೀತನಕ ಏನಾದ್ರೂ ಹೇಳಿ."

ಹೆದರಿಕೆಯಲ್ಲಿ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಸುತ್ತೋಲೆ ಓದಿಲ್ಲ ಅಂದೆ, ಸೈಕಲ್ ಇರಲಿಲ್ಲ ಅಂದೆ, ದುಃಖವೂ ಇರಲಿಲ್ಲ ಅಂದೆ. "ಇವತ್ತು ಬೆಳಿಗ್ಗೆ ಮ್ಯಾನೇಜರಿಗೆ ಹೇಳಿಬಿಟ್ಟೆ ಅಕ್ಕ, ಮೂವರೂ ಚೆನ್ನಾಗಿದ್ದೀವಿ ಅಂತ."

ಆ ಕಡೆಯಿಂದ ಸದ್ದಿಲ್ಲ.

"ಅಕ್ಕಾ? ಕೇಳಿಸ್ತಿದೆಯಾ?" ಕಿವಿಗೊಟ್ಟೆ. ಏನೂ ಇಲ್ಲ. "ಅಕ್ಕಾ!" ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಅರ್ಧ ನಿಮಿಷ ಇದ್ದಿರಬಹುದು. ಅಷ್ಟಕ್ಕೇ ನನ್ನ ಜೀವ ಬಾಯಿಗೆ ಬಂದಿತ್ತು.

"ಇದ್ದೀನಿ ಸಾರ್. ಮೂವರೂ ಅಂದ್ರಾ?"

"ಹೂಂ."

"ನಾನು ಸುತ್ತೋಲೆ ಓದಿದ್ದೆ ಸಾರ್. ಎಂಟೂ ಪುಟ. ನನ್ನ ಬಿಲ್ಲೆ ಸರಿಯಾಗೇ ತಿರುಗಿಸಿದ್ದೆ." ಅವರು ಮಾತು ಮುಂದುವರಿಸಿದರು. "ದಿನಾ ಬೆಳಿಗ್ಗೆ ತಿರುಗಿಸುವಾಗ ಇವತ್ತು ಯಾರಾದ್ರೂ ಕೇಳ್ತಾರೆ ಅಂದ್ಕೊಳ್ತಿದ್ದೆ. ಬರ್ತಿದ್ರು, ನಿಮ್ಮನ್ನ ಕೇಳಿ ಹೋಗ್ತಿದ್ರು. ಆ ಅಜ್ಜಿ ಮಾತು ನಿಲ್ಲಿಸಿದ ಇಪ್ಪತ್ತು ನಿಮಿಷ ನನಗೆ ಇನ್ನೂ ಮುಗಿದಿಲ್ಲ ಸಾರ್. ಫೋನು ಬಂದಾಗಲೆಲ್ಲ ಅಲ್ಲಿಂದ್ಲೇ ಶುರುವಾಗುತ್ತೆ. ಮನೇಲಿ ಕಾಲಿಂಗ್ ಬೆಲ್ ಕಿತ್ತು ಹಾಕ್ಸಿದ್ದೀನಿ. ನಾಳೆ ರಾಜೀನಾಮೆ ಕೊಡೋಣ ಅಂತ ಬರೆದಿಟ್ಟಿದ್ದೀನಿ."

ಅವರು ಫೋನು ಇಡುವ ಹಾಗಿಲ್ಲ, ನಾನು ಎದ್ದು ಹೋಗುವ ಹಾಗಿಲ್ಲ. ಕೇಳಲೇಬೇಕಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ನಾನು ಪೂರ್ತಿ ಕೇಳಿಸಿಕೊಂಡ ಮೊದಲ ದೂರು ಅದು.

"ಕೈ ನಡುಗೋದು ನೋಡಿದ್ದೆ ಅಕ್ಕ," ಅಂದೆ. "ಫ್ಯಾನ್ ಕಮ್ಮಿ ಮಾಡಿದೆ."

"ಗೊತ್ತು ಸಾರ್. ನನಗೆ ಸೆಖೆಯಾಗ್ತಿತ್ತು."

ಅಷ್ಟರಲ್ಲಿ ಹೊರಗಿನಿಂದ ಸಬ್ಬಲ್ಲು ಹಾಕಿ ಮೀಸೆ ಬಾಗಿಲು ಮೀಟಿ ತೆರೆದ. ಅವನ ಹಿಂದೆ ಮ್ಯಾನೇಜರು, ಅವತ್ತು ತಮ್ಮ ಸರದಿಗೆ ಬಂದಿದ್ದ ಕೌನ್ಸೆಲರ್ ಮೇಡಂ, ಕಾವಲುಗಾರ, ಲೆಕ್ಕಪತ್ರದವರ ಹಿಂಡು. "ಹೇಗನ್ಸ್ತಿದೆ ಈಗ?" ಎಂದು ಮ್ಯಾನೇಜರು ನನ್ನ ತೋಳು ಹಿಡಿದರು.

"ನಾನು ಸುತ್ತೋಲೆ ಓದಿಲ್ಲ ಸಾರ್," ಎಂದು ಎಲ್ಲರ ಮುಂದೆ ಅಂದೆ. "ಸುಮ್ಮನೆ ಸಹಿ ಹಾಕಿದೆ. ಮೂರು ಬಿಲ್ಲೆಯಲ್ಲಿ ಒಂದು ನಿಜವಾಗಿತ್ತು. ಅದರ ಮುಂದೆ ನಾನು ಅಡ್ಡ ಕೂತಿದ್ದೆ. ಬನ್ನಿ ಮೇಲೆ." ಅಂದವನೇ ಮೆಟ್ಟಿಲು ಹತ್ತಿ ಓಡಿದೆ. ಮೂರನೇ ಮಹಡಿ ಮುಟ್ಟುವಾಗ ನಾಲಗೆ ಹೊರಗೆ ಬಂದಿತ್ತು.

ಫೋನಕ್ಕ ಇನ್ನೂ ರಿಸೀವರ್ ಹಿಡಿದೇ ಕೂತಿದ್ದರು. ಬಾಗಿಲು ತೆರೆಯಿತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನೇ ಅದನ್ನು ಅವರ ಕೈಯಿಂದ ಬಿಡಿಸಿ ಇಟ್ಟೆ. ಕೌನ್ಸೆಲರ್ ಮೇಡಂ ಬಂದು ಅವರ ಪಕ್ಕ ಕೂತರು.

ಮ್ಯಾನೇಜರು ಫೋನಕ್ಕನ ಮೇಜಿನ ಹತ್ತಿರ ಬಂದರು. "ನಿಮಗೆ ಏನು ಮಾಡಿಕೊಡಲಿ ಹೇಳಿ. ಬೇಕಾದ್ರೆ ಆ ಮೌನದ ಕೋಣೇನ ರಿಪೇರಿ ಮಾಡ್ಸಿ ನಿಮಗೇ..."

"ಕೋಣೆ ಬೇಡ ಸಾರ್," ಎಂದರು ಫೋನಕ್ಕ. "ಕಷ್ಟದ ಕರೆ ಮುಗಿದ ಮೇಲೆ ಸ್ವಲ್ಪ ಹೊತ್ತು ಫೋನು ಮುಟ್ಟದೆ ಕೂರಬೇಕು. ಮೇಡಂ ಹತ್ರ ಮಾತಾಡಬೇಕು. ಆಗ ಫೋನು ಇನ್ಯಾರಾದ್ರೂ ಎತ್ತಬೇಕು. ಅಷ್ಟೇ."

ಅಷ್ಟೇ. ಎಂಟು ಪುಟದಲ್ಲಿ ಅದು ಇರಲಿಲ್ಲ. ಮೀಸೆ ತನ್ನ ಪಟ್ಟಿ ನೋಡಿದ. ಮ್ಯಾನೇಜರು ಫೋನನ್ನು ನೋಡಿದರು. ಅದು ಬಡಿದುಕೊಂಡಿತು.

ಫೋನಕ್ಕನ ಕೈ ತಾನಾಗಿ ಮುಂದಕ್ಕೆ ಹೋಯಿತು. ನಾನು ಮೇಜಿನ ಮೇಲೆ ಅಡ್ಡ ಬಿದ್ದು ಅವರಿಗಿಂತ ಮೊದಲು ಎತ್ತಿದೆ. ಕಾಲು ತಾಗಿ, ಪಕ್ಕದ ನನ್ನ ಮೇಜಿನ ಮೇಲಿದ್ದ ಗಿಡದ ಕುಂಡ ಕೆಳಗೆ ಬಿದ್ದು ಒಡೆಯಿತು.

"ನ... ನಮಸ್ಕಾರ. ಹೆ... ಹೆದರಬೇಡಿ."

"ನಾನೇನೂ ಹೆದರಿಲ್ಲಪ್ಪ," ಎಂದಿತು ಒಂದು ಹೆಂಗಸಿನ ದನಿ. "ನಾಲ್ಕನೇ ಮಹಡಿ ಹತ್ರ ನಿಂತುಬಿಟ್ಟಿದೆ. ನೀವ್ಯಾಕೆ ಹಾಗೆ ಏದುಸಿರು ಬಿಡ್ತಿದ್ದೀರಿ?"

"ಮೆಟ್ಟಿಲು ಹತ್ತಿ ಬಂದೆ ತಾಯಿ."

"ಯಾಕೆ, ನಿಮ್ಮ ಲಿಫ್ಟಿಗೇನಾಗಿದೆ? ಮೊದ್ಲು ನೀರು ಕುಡೀರಿ. ನಾನಿಲ್ಲೇ ಇರ್ತೀನಿ."

ಮೀಸೆ ಮೆಕ್ಯಾನಿಕ್‌ನನ್ನು ಅಟ್ಟಿದ. ಮೇಡಂ ಫೋನಕ್ಕನನ್ನು ಎಬ್ಬಿಸಿ ಪಕ್ಕದ ಕೋಣೆಗೆ ಕರೆದುಕೊಂಡು ಹೊರಟರು. ಬಾಗಿಲಲ್ಲಿ ಫೋನಕ್ಕ ಹಿಂತಿರುಗಿ ನೋಡಿ, "ನಡುವೆ ಸುಮ್ಮನಾಗಬೇಡಿ ಸಾರ್. ಏನಾದ್ರೂ ಮಾತಾಡ್ತಾನೇ ಇರಿ," ಎಂದರು.

ಏನು ಮಾತಾಡೋದು? ನನಗೆ ಬೇರೆ ಏನೂ ಹೊಳೆಯಲಿಲ್ಲ. ಸಹಿ ಹಾಕಿದಲ್ಲಿಂದ ಹಿಡಿದು ಸ್ಪಂಜಿನ ಗೋಡೆ ಗುದ್ದಿದ ತನಕ ನನ್ನ ಅಷ್ಟೂ ಕತೆಯನ್ನು ಆ ಹೆಂಗಸಿಗೆ ಹೇಳಿದೆ. ಆಕೆ ಹೂಂಗುಟ್ಟುತ್ತಾ, ನಡುನಡುವೆ ನನಗೆ ಬೈಯುತ್ತಾ ಕೇಳಿದರು. ಇಪ್ಪತ್ತೈದು ನಿಮಿಷಕ್ಕೆ ಅಲ್ಲಿ ಬಾಗಿಲು ತೆರೆದ ಸದ್ದು ಕೇಳಿಸಿತು.

"ಒಂದ್ನಿಮಿಷ ತಾಳಪ್ಪಾ, ಬರ್ತೀನಿ," ಎಂದು ಆಕೆ ಮೆಕ್ಯಾನಿಕ್‌ಗೆ ಹೇಳಿ, ನನ್ನನ್ನು ಕೇಳಿದರು: "ಆ ಅಕ್ಕ ಈಗ ಎಲ್ಲಿದ್ದಾರೆ?"

"ಪಕ್ಕದ ಕೋಣೇಲಿ ಮಾತಾಡ್ತಿದ್ದಾರೆ ತಾಯಿ," ಅಂದೆ. "ಅವರಾಗಿ ಎದ್ದು ಬರೋ ತನಕ ಫೋನು ನಾನೇ ಎತ್ತೋದು."